ಕೋವಿಯ ಲೆಕ್ಕ

ಕಳೆದ ದಸರಾ ರಜೆಯಲ್ಲಿ ನಾಲ್ಕು ದಿನ ತಂಗಿಯ ಮನೆಯಲ್ಲಿದ್ದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಊರಿನಿಂದ ಒಂದು ಮೈಲಿ ಆಚೆ, ತೋಟದ ಮನೆ. ಅವಳ ಯಜಮಾನರು ತೀರಿಕೊಂಡ ಮೇಲೆ ಅಲ್ಲಿ ಅವಳೊಬ್ಬಳೇ. ರಾತ್ರಿ ಊಟ ಮುಗಿಸಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ, “ಅಕ್ಕ, ನಾನೊಂದು ಕೋವಿ ಲೈಸೆನ್ಸಿಗೆ ಅರ್ಜಿ ಹಾಕ್ಲಾ?” ಎಂದಳು. ಸೀರೆ ತಗೊಳ್ಳಲಾ ಎಂದು ಕೇಳುವ ಧ್ವನಿಯಲ್ಲೇ ಕೇಳಿದಳು. ನಾನು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಕೂತೆ.

ಅವಳ ಭಯವನ್ನು ಹಗುರವಾಗಿ ಕಾಣುವ ಹಾಗಿಲ್ಲ. ಕಾಡಂಚಿನ ಊರು. ಹಿತ್ತಲಿಗೆ ಹಂದಿ ಬರುತ್ತದೆ, ಆನೆ ಬರುತ್ತದೆ, ಒಂಟಿ ಹೆಂಗಸೆಂದು ತಿಳಿದ ಮನುಷ್ಯರೂ ಬರಬಹುದು. ನಮ್ಮ ಬಳಗದವರೆಲ್ಲ ಕೋವಿಯ ಪರ. ನನ್ನ ಭಾವನ ಮಗನೊಬ್ಬ ಅಮೆರಿಕದಲ್ಲಿದ್ದಾನೆ. ಅವನು ಫೋನಿನಲ್ಲಿ, “ದೊಡ್ಡಮ್ಮ, ಇಲ್ಲಿ ವರ್ಷಕ್ಕೆ 25 ಲಕ್ಷ ಸಲ ಜನ ಕೋವಿಯಿಂದ ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಾರೆ, ಲೆಕ್ಕ ಮಾಡಿದ್ದಾರೆ” ಎಂದನಂತೆ. ಊರಿನವರಿಗೆ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ. ಅವರ ಬಳಿ ನಮ್ಮ ಅಪ್ಪನ ಕಥೆಯೇ ಇತ್ತು.

ಅಪ್ಪನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತವರು ಪಿರಿಯಾಪಟ್ಟಣ ತಾಲ್ಲೂಕು. ಅಪ್ಪನಿಗೆ 1971ರಲ್ಲಿ ಬೆಳೆ ಕಾಯುವುದಕ್ಕೆಂದು ಕೋವಿಯ ಲೈಸೆನ್ಸು ಸಿಕ್ಕಿತ್ತು. ಹಳೆಯ ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಇಡಬೇಕು. ಒಂದು ಈಡು ತುಂಬುವಷ್ಟರಲ್ಲಿ ಅವ್ವ ಒಂದು ಮುದ್ದೆ ತೊಳಸಿ ಇಳಿಸುತ್ತಿದ್ದಳು. 1984ರ ಸೆಪ್ಟೆಂಬರ್. ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿ ಬಂದು ಅಪ್ಪ ಜಗುಲಿಯಲ್ಲಿ ಮಲಗಿದ್ದಾಗ ನಾಯಿ ಬೊಗಳಿತು. ಹಲಸಿನ ಮರದ ಹತ್ತಿರ ಯಾರೋ ನಿಂತಿದ್ದರು. ಅಪ್ಪ “ಯಾವನಲೇ ಅದು” ಎಂದು ಕೂಗಿ ಆಕಾಶಕ್ಕೆ ಒಂದು ಈಡು ಹಾರಿಸಿದರು. ಬಂದವನು ಓಡಿದ. ಇಷ್ಟು ಆ ವರ್ಷದ ಕಥೆ. ನಾನು ಬಿ.ಎ. ಓದುವ ಹೊತ್ತಿಗೆ ಬಂದವರು ಇಬ್ಬರಾಗಿದ್ದರು. ನನ್ನ ಮದುವೆಗೆ ಬಂದ ಬೀಗರ ಮುಂದೆ ಅಪ್ಪ ಹೇಳುವಾಗ ಮೂವರಾಗಿ, ಒಬ್ಬನ ಕೈಯಲ್ಲಿ ಮಚ್ಚೂ ಬಂದಿತ್ತು. ಅಪ್ಪ ಸುಳ್ಳುಗಾರರಲ್ಲ. ಸಂತೆಯಲ್ಲಿ ಎಂಟಾಣೆ ಹೆಚ್ಚು ಚಿಲ್ಲರೆ ಬಂದರೆ ವಾಪಸು ಹೋಗಿ ಕೊಟ್ಟು ಬರುವ ಮನುಷ್ಯ. ಆದರೂ ಕಳ್ಳರು ಬೆಳೆದರು.

ಈಗ ಆ 25 ಲಕ್ಷದ ವಿಚಾರ. ಅದನ್ನು ಹುಡುಕಿಕೊಂಡು ಓದಿದೆ. ಸಮಾಜಶಾಸ್ತ್ರ ಪಾಠ ಮಾಡುವವಳಿಗೆ ಸಂಖ್ಯೆ ಕಂಡರೆ ಹುಟ್ಟು ಯಾವುದೆಂದು ಕೇಳುವ ಕೆಟ್ಟ ಅಭ್ಯಾಸ. ಫ್ಲಾರಿಡಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಜ್ ಎಂಬ ಇಬ್ಬರು ಪ್ರಾಧ್ಯಾಪಕರು 1993ರಲ್ಲಿ ಟೆಲಿಫೋನ್ ಮೂಲಕ 4,977 ಜನರನ್ನು ಕೇಳಿ, 1995ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಹಿಂದಿನ ಒಂದು ವರ್ಷದಲ್ಲಿ ಆತ್ಮರಕ್ಷಣೆಗೆ ಕೋವಿ ಬಳಸಿದ್ದೇವೆ ಎಂದವರು ನೂರಕ್ಕೆ ಸುಮಾರು 1.3ರಷ್ಟು ಮಂದಿ. ಆಗ ಆ ದೇಶದ ವಯಸ್ಕರು ಸುಮಾರು 19 ಕೋಟಿ. ಗುಣಿಸಿದರೆ 25 ಲಕ್ಷ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದೇ ದೇಶದ ಸರ್ಕಾರ ವರ್ಷವರ್ಷವೂ ಸಾವಿರಾರು ಮನೆಗಳಿಗೆ ಹೋಗಿ, ನಿಮ್ಮ ಮೇಲೆ ಅಪರಾಧ ನಡೆಯಿತೇ, ನಡೆದಾಗ ಏನು ಮಾಡಿದಿರಿ ಎಂದು ಕೇಳುವ ಇನ್ನೊಂದು ಸಮೀಕ್ಷೆ ಇದೆ. ಅದರಲ್ಲಿ 2007ರಿಂದ 2011ರವರೆಗಿನ ಐದು ವರ್ಷಕ್ಕೆ ಸಿಕ್ಕಿದ ಲೆಕ್ಕ ವರ್ಷಕ್ಕೆ 70 ಸಾವಿರದ ಒಳಗೆ. 25 ಲಕ್ಷ ಎಲ್ಲಿ, 70 ಸಾವಿರ ಎಲ್ಲಿ! ಒಂದು ಮನೆಯ ಹಾಲಿನ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಹಾಲಿನವನನ್ನು ಬಿಡಿಸುತ್ತೇವೆ.

ಹಾರ್ವರ್ಡಿನ ಡೇವಿಡ್ ಹೆಮೆನ್‌ವೇ ಎಂಬವರು 1997ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ತೀರ ಅಪರೂಪವಾಗಿ ನಡೆಯುವ ಸಂಗತಿಯನ್ನು ಬಹಳ ಜನರನ್ನು ಕೇಳಿ ತಿಳಿಯಲು ಹೊರಟರೆ, ನಡೆಯದವರಲ್ಲಿ ನೂರಕ್ಕೆ ಒಬ್ಬ ತಪ್ಪಾಗಿ ಹೌದು ಎಂದರೂ ಸಾಕು, ನಿಜ ಅದರಲ್ಲಿ ಮುಳುಗಿಹೋಗುತ್ತದೆ. ಇದನ್ನು ನಾನು ತರಗತಿಯಲ್ಲೇ ಮಾಡಿ ನೋಡಿದೆ. ನಲವತ್ತು ಮಕ್ಕಳ ಒಂಬತ್ತನೇ ತರಗತಿ. “ಹೋದ ವಾರ ಚಿರತೆ ನೋಡಿದವರು ಕೈ ಎತ್ತಿ” ಎಂದೆ. ಮೂರು ಕೈ ಎದ್ದವು. ವಿಚಾರಿಸಿದರೆ ಒಬ್ಬಳು ನೋಡಿದ್ದು ಹಿಂದಿನ ವರ್ಷ, ಒಬ್ಬನ ಮಾವ ನೋಡಿದ್ದು, ಮೂರನೆಯವನು ನೋಡಿದ್ದು ಅವನಿಗೇ ಕಾಡುಬೆಕ್ಕೋ ಏನೋ ಎಂಬ ಅನುಮಾನ. ಆ ಮೂರನ್ನು ನಲವತ್ತಕ್ಕೆ ಭಾಗಿಸಿ ಹುಣಸೂರು ತಾಲ್ಲೂಕಿನ ಮಕ್ಕಳಿಗೆಲ್ಲ ಗುಣಿಸಿದರೆ ಲಕ್ಷ್ಮಣತೀರ್ಥದ ಎರಡೂ ದಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಿರತೆಗಳಾಗುತ್ತವೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ.

ಅಪ್ಪನಿಗೆ ಆ ಫ್ಲಾರಿಡಾದವರು ಫೋನ್ ಮಾಡಿದ್ದರೆ ಏನಾಗುತ್ತಿತ್ತು? ಹೌದು ಸ್ವಾಮಿ, ಮೂವರು ಕಳ್ಳರು, ಒಬ್ಬನ ಕೈಲಿ ಮಚ್ಚು, ಕೋವಿ ಇಲ್ಲದಿದ್ದರೆ ನಾವು ಉಳಿಯುತ್ತಿರಲಿಲ್ಲ ಎಂದೇ ಹೇಳುತ್ತಿದ್ದರು. ಒಂದು ಗೆರೆ ಎಳೆದುಕೊಳ್ಳುತ್ತಿದ್ದರು. ಆ ಒಂದು ಗೆರೆಗೆ ಅಲ್ಲಿ ನಲವತ್ತು ಸಾವಿರ ಬೆಲೆ.

2006ರಲ್ಲಿ ಅಪ್ಪ ತೀರಿಕೊಂಡರು. ಲೈಸೆನ್ಸುದಾರ ಸತ್ತರೆ ಆಯುಧವನ್ನು ಠಾಣೆಗೋ ಲೈಸೆನ್ಸು ಪಡೆದ ಅಂಗಡಿಗೋ ಒಪ್ಪಿಸಬೇಕು. ತಮ್ಮ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟಾಗ, ನಾನು ಅಳುತ್ತ, “ನಮ್ಮನ್ನು ಕಾಪಾಡಿದ ಕೋವಿ ಕಣವ್ವ” ಎಂದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಕಳ್ಳ ಅಲ್ಲ ಕನವ್ವ ಅವನು” ಎಂದಳು.

ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರ ಮಗ. ಆಗ ಅವನಿಗೆ ಹದಿನಾಲ್ಕೋ ಹದಿನೈದೋ. ಬಾಣಂತನಕ್ಕೆ ಬಂದಿದ್ದ ಅವನ ಅಕ್ಕನಿಗೆ ನಡುರಾತ್ರಿ ಹೆರಿಗೆ ನೋವು ಹತ್ತಿ, ಆಸ್ಪತ್ರೆಗೆ ಗಾಡಿ ಕೇಳಲು ಬಂದವನು ನಾಯಿಗೆ ಹೆದರಿ ಮರದ ಮರೆಯಲ್ಲಿ ನಿಂತಿದ್ದ. ಈಡಿನ ಸದ್ದಿಗೆ ಓಡಿದವನು ಮನೆಗೆ ಹೋಗಿ ಬಾಯಿ ಬಿಡಲಿಲ್ಲವಂತೆ. ಪುಣ್ಯಕ್ಕೆ ಬೆಳಗಿನ ಜಾವ ಮನೆಯಲ್ಲೇ ಹೆರಿಗೆಯಾಯಿತು, ತಾಯಿ ಮಗು ಉಳಿದರು. ಮೂರು ದಿನದ ಮೇಲೆ ಅವನ ತಾಯಿ ಹಳೇ ಬಟ್ಟೆ ಕೇಳಲು ಬಂದವಳು ಅವ್ವನ ಕಿವಿಯಲ್ಲಿ ಹೇಳಿದಳು, ಹೇಳಿ, ಗೌಡರಿಗೆ ತಿಳಿಸಬೇಡಿ ಎಂದಳು. ನಮ್ಮ ಮಗನಿಗೆ ಈಡು ಹೊಡೆದಿರಿ ಎಂದು ಕೇಳುವುದಕ್ಕಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಮಗ ಬಂದುದಕ್ಕೆ ತಪ್ಪೊಪ್ಪಿಕೊಳ್ಳುವುದಕ್ಕೆ! ಅವ್ವ ಇಪ್ಪತ್ತೆರಡು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು. “ಹೇಳಿದ್ರೆ ನಿಮ್ಮಪ್ಪ ನೆಲ ಹಿಡಿದುಬಿಡೋರು.”

ಆಕಾಶಕ್ಕೆ ಹಾರಿಸಿದ್ದು ಎಂದು ನಾನು ತಡವರಿಸಿದೆ. ಹೇಳುತ್ತಿರುವಾಗಲೇ ನನಗೆ ನೆನಪಾಯಿತು. ಆ ಹಲಸಿನ ಬೊಡ್ಡೆಯಲ್ಲಿ ನಾವು ಚಿಕ್ಕವರು ಪಿನ್ನಿನಿಂದ ಚರೆ ಕೀಳುತ್ತಿದ್ದೆವು. ನೆಲದಿಂದ ನನ್ನ ಎದೆಯ ಎತ್ತರಕ್ಕೆ ಇದ್ದವು ಆ ತೂತುಗಳು. ನಿದ್ದೆಯಿಂದ ಎದ್ದ ಮನುಷ್ಯ, ಕತ್ತಲು, ನಡುಗುವ ಕೈ. ಆಕಾಶ ಯಾವ ಕಡೆ ಇತ್ತೋ ಅಪ್ಪನಿಗೆ.

ಇದನ್ನೆಲ್ಲ ತಂಗಿಗೆ ಹೇಳುವ ಮೊದಲು ಇನ್ನೊಂದು ಪ್ರಶ್ನೆ ನನ್ನನ್ನು ಕಾಡಿತು. ಕೋವಿ ಕಾಪಾಡುತ್ತದೆ ಎಂದು ನಾವು ಇಷ್ಟು ಸಲೀಸಾಗಿ ನಂಬುವುದು ಎಲ್ಲಿಂದ ಬಂತು? ನನ್ನ ಮಟ್ಟಿಗೆ ಪುಸ್ತಕಗಳಿಂದ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಕಥೆಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆ ನಮ್ಮ ಶಾಲೆಯ ಕಪಾಟಿನಲ್ಲಿ ಎರಡು ಸಲ ಹರಿದು ಹೊಸದಾಗಿ ಬಂದಿದೆ. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಇವನ್ನು ನಾನೇ ಎಷ್ಟು ಸಲ ಮಕ್ಕಳಿಗೆ ಓದಿ ಹೇಳಿದ್ದೇನೆ. ತೇಜಸ್ವಿಯವರ ಕನ್ನಡದಲ್ಲಿ ತರಗೆಲೆ ಸರಿದಾಡುವ ಸದ್ದು ಕೇಳುತ್ತದೆ. ಆದರೆ ನಾಲ್ಕೈದು ಪುಸ್ತಕ ಒಟ್ಟಿಗೆ ಓದಿದರೆ ಒಂದು ಹದ ಗೊತ್ತಾಗುತ್ತದೆ. ಊರಿನವರು ಹೆದರಿ ಕೂಡುತ್ತಾರೆ, ಹೊರಗಿನಿಂದ ಒಬ್ಬ ಕೋವಿಯವನು ಬರುತ್ತಾನೆ, ಕೊನೆಗೆ ಒಂದು ಗುಂಡು ಎಲ್ಲವನ್ನೂ ಸರಿಮಾಡುತ್ತದೆ. ಇಂಥ ಶಿಕಾರಿ ಕಥೆಗಳಲ್ಲಿ ಹೆಂಗಸು ಬಹುಮಟ್ಟಿಗೆ ಬರುವುದು ಸೌದೆಗೋ ಹುಲ್ಲಿಗೋ ಹೋಗಿ ಪ್ರಾಣಿಯ ಬಾಯಿಗೆ ಬೀಳುವುದಕ್ಕೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಮಲೆನಾಡಿನಲ್ಲಿ ಕೋವಿ, ನಾಯಿ, ಬೇಟೆ ಎಲ್ಲ ದಿನದ ಬದುಕು. ಅಲ್ಲಿನ ಹೆಂಗಸರ ಕಷ್ಟಗಳು ಮಾತ್ರ ಮನೆಯ ಒಳಗಿನವು, ಯಾವ ಕೋವಿಗೂ ನಿಲುಕದವು.

ಅದೇ ತೇಜಸ್ವಿಯವರು ಜಿಮ್ ಕಾರ್ಬೆಟ್‌ನಿಂದ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಈ ಸಲ ಬೇರೆ ಕಣ್ಣಿನಿಂದ ಓದಿದೆ. ಆ ಚಿರತೆ 1918ರಿಂದ 1926ರವರೆಗೆ ಎಂಟು ವರ್ಷದಲ್ಲಿ 125 ಜನರನ್ನು ತಿಂದಿತು. ಆಗ ಆ ಗಢವಾಲ ಸೀಮೆಯಲ್ಲಿ ಕೋವಿಗಳಿರಲಿಲ್ಲವೇ? ಸುಮಾರು 4,000 ಲೈಸೆನ್ಸುಗಳಿದ್ದವು, ಅದರ ಮೇಲೆ ಈ ಚಿರತೆಗಾಗಿಯೇ 300ಕ್ಕೂ ಹೆಚ್ಚು ಕೊಟ್ಟರು ಎಂದು ಕಾರ್ಬೆಟ್ಟನೇ ಬರೆದಿದ್ದಾನೆ. ಅಷ್ಟು ಕೋವಿಗಳ ನಡುವೆ ಅದು ಬಾಗಿಲು ದೂಡಿಕೊಂಡು ಬಂದು ಮಲಗಿದ್ದವರನ್ನು ಎಳೆದುಕೊಂಡು ಹೋಯಿತು. ಕೊನೆಗೆ ಕೊಂದದ್ದು ಗುಂಡೇ ನಿಜ. ಆದರೆ ಆ ಗುಂಡಿಗೆ ಮೊದಲು ಮಾವಿನ ಮರದ ಮೇಲೆ ರಾತ್ರಿಗಟ್ಟಲೆ ಕಾದದ್ದಿದೆ, ಕಟ್ಟಿದ ಆಡಿದೆ, ಎಷ್ಟೋ ಸೋತ ಪ್ರಯತ್ನಗಳಿವೆ. ಕಾರ್ಬೆಟ್ ತನ್ನ ಸೋಲುಗಳನ್ನು ಬಚ್ಚಿಡಲಿಲ್ಲ. ಓದುವ ನಾವು ಅವನ್ನು ಹಾರಿಸಿ ಕೊನೆಯ ಪುಟಕ್ಕೆ ಹೋಗುತ್ತೇವೆ.

ನಮಗೆ ಕೋವಿಯ ಮಾತು ಬಂದರೆ ಕೊಡಗು ದೂರವಿಲ್ಲ. ಪಿರಿಯಾಪಟ್ಟಣ ದಾಟಿದರೆ ಕುಶಾಲನಗರ. 1857ರ ದಂಗೆಯ ತರುವಾಯ ದೇಶದ ಜನರ ಆಯುಧ ಕಿತ್ತುಕೊಳ್ಳುವ ಕಾಯಿದೆ ಬಂದಾಗ 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯದ ನಂತರವೂ 1959ರ ಆಯುಧ ಕಾಯಿದೆಯ ಕೆಳಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನನ್ನ ಜೊತೆ ಬಿ.ಎಡ್. ಓದಿದ ಕೊಡವ ಗೆಳತಿಯನ್ನು, ನಿಮ್ಮ ಮನೆಯ ಕೋವಿ ಯಾರಿಂದಲಾದರೂ ನಿಮ್ಮನ್ನು ಕಾಪಾಡಿದ್ದಿದೆಯೇ ಎಂದು ಕೇಳಿದೆ. “ಅದು ನಮ್ಮ ಮರ್ಯಾದೆ ಕಣೇ, ಕಾವಲು ನಾಯಿ ಬೇರೆ ಇದೆ” ಎಂದಳು. ಆ ಕೋವಿಗಳು ಘೋರ ಅಪರಾಧಗಳಿಗೆ ಬಳಕೆಯಾಗಿಲ್ಲ ಎಂದು 2019ರಲ್ಲಿ ಗೃಹ ಸಚಿವಾಲಯವೇ ಹೇಳಿದೆ. ಅದು ಆ ಜನಗಳ ಶಿಸ್ತಿಗೆ ಸಲ್ಲಬೇಕಾದ ಮಾತು, ಸಲ್ಲಲಿ. ಆದರೆ ಕೋವಿ ಕೆಡುಕು ಮಾಡಲಿಲ್ಲ ಎಂಬುದೂ ಕೋವಿ ಕಾಪಾಡಿತು ಎಂಬುದೂ ಒಂದೇ ಮಾತಲ್ಲ. ನಾನು ಆರು ವರ್ಷ ಪಾಠ ಮಾಡಿದ ಕೆ.ಆರ್. ನಗರದ ಕಡೆ, ಕಾವೇರಿ ನಾಲೆಯ ಭತ್ತದ ಸೀಮೆಯಲ್ಲಿ, ಮನೆಯಲ್ಲಿ ಕೋವಿ ಇಟ್ಟ ಒಬ್ಬರನ್ನೂ ಕಾಣೆ. ಅಲ್ಲಿಯೂ ಜನ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿಯೇ ಮಲಗುತ್ತಿದ್ದರು.

ತಂಗಿ ಸುಮ್ಮನಾಗುವವಳಲ್ಲ. “ಕಾನೂನೇ ಆತ್ಮರಕ್ಷಣೆಗೆ ಒಪ್ಪುತ್ತಲ್ಲಕ್ಕ” ಎಂದಳು. ಒಪ್ಪುತ್ತದೆ. ಹಿಂದೆ ಭಾರತ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿದ್ದದ್ದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಮುಗಳಾಗಿವೆ. ಜೀವಕ್ಕೆ ಅಪಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಇಂಥ ಭಯವಿದ್ದಾಗ ಎದುರಾಳಿಯ ಪ್ರಾಣ ಹೋದರೂ ಅಪರಾಧವಲ್ಲ. ಇದು ನಮ್ಮ ಹೆಣ್ಣುಮಕ್ಕಳೆಲ್ಲ ತಿಳಿದಿರಬೇಕಾದ ವಿಷಯ. ಆದರೆ ಅಗತ್ಯಕ್ಕಿಂತ ಹೆಚ್ಚು ಕೇಡು ಮಾಡುವಂತಿಲ್ಲ. ಬರಿಯ ಕಳ್ಳತನಕ್ಕೆ, ತೆಂಗಿನಕಾಯಿ ಕೀಳಲು ಬಂದವನಿಗೆ, ಆ ಹಕ್ಕು ಪ್ರಾಣ ತೆಗೆಯುವವರೆಗೆ ಹೋಗುವುದಿಲ್ಲ. ವನ್ಯಜೀವಿಗಳ ವಿಷಯದಲ್ಲೂ ಹಾಗೆಯೇ. 1972ರ ಕಾಯಿದೆಯ 11ನೇ ಕಲಮಿನಲ್ಲಿ, ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದಿದೆ. ಬಾಳೆಗೊನೆ ಉಳಿಸಲು ಆನೆಗೆ ಹೊಡೆದರೆ ಅದು ಅಪರಾಧವೇ. ಚರೆ ತಾಗಿದ ಆನೆ ಕಾಯಿದೆ ಓದಿಕೊಂಡು ವಾಪಸು ಹೋಗುವುದೂ ಇಲ್ಲ.

ನಿಜವಾಗಿ ಕೋವಿ ಕಾಪಾಡಿದ ಪ್ರಸಂಗಗಳೂ ಇವೆ, ಅದನ್ನು ಮುಚ್ಚಿಟ್ಟರೆ ನಾನೂ ಅಪ್ಪನ ಹಾಗೆಯೇ ಲೆಕ್ಕ ಹೇಳಿದಂತೆ. ಪಂಜಾಬಿನ ದರ್ಶನ್ ಸಿಂಗ್ ಎಂಬವರ ಮೊಕದ್ದಮೆ ಆತ್ಮರಕ್ಷಣೆಯ ಚರ್ಚೆಯಲ್ಲೆಲ್ಲ ಬರುತ್ತದೆ. ಜಮೀನಿನ ಜಗಳದಲ್ಲಿ ತಂದೆಯ ಮೇಲೆ ಆಯುಧ ಬೀಸಿದವನಿಗೆ ಅವರು ಲೈಸೆನ್ಸಿನ ಕೋವಿಯಿಂದ ಗುಂಡು ಹೊಡೆದರು, ಆತ ಸತ್ತ. ಅದು 1991ರಲ್ಲಿ. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, ಸುಪ್ರೀಂ ಕೋರ್ಟು 2010ರಲ್ಲಿ ಅದು ಆತ್ಮರಕ್ಷಣೆಯೇ ಎಂದು ಬಿಡುಗಡೆ ಮಾಡಿತು. ಗುಂಡು ಹಾರಲು ಒಂದು ಕ್ಷಣ, ಅದು ನ್ಯಾಯವೆಂದು ಸಾಬೀತಾಗಲು ಹತ್ತೊಂಬತ್ತು ವರ್ಷ. ಒಂಟಿ ಹೆಂಗಸಿಗೆ ವಕೀಲರ ಮನೆ ತಿರುಗಲು ಯಾರು ಜೊತೆ ಬರುತ್ತಾರೆ?

ಇನ್ನು ಮನೆಯೊಳಗಿನ ವಿಚಾರ. ಅಮೆರಿಕದಲ್ಲಿ ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿ ಇಟ್ಟ ಮನೆಯಲ್ಲಿ ಕೊಲೆ ನಡೆಯುವ ಅಪಾಯ ಇಲ್ಲದ ಮನೆಗಿಂತ 2.7 ಪಟ್ಟು ಎಂದು ಕಂಡಿತು. ಕೊಂದವರು ಬಹುಪಾಲು ಮನೆಯವರೇ, ಬಲ್ಲವರೇ. ಕ್ಲೆಕ್ ಇದನ್ನು ಒಪ್ಪಲಿಲ್ಲ, ವಾದ ಇಂದಿಗೂ ಮುಗಿದಿಲ್ಲ. ಆದರೆ ನನಗೆ ಈ ಮಾತು ತಟ್ಟಿದ್ದು ಬೇರೆ ಕಾರಣಕ್ಕೆ. ಮನೆಯ ಕೋವಿಯ ಕಪಾಟಿನ ಕೀಲಿಕೈ ಯಾರ ಸೊಂಟದಲ್ಲಿರುತ್ತದೆ? ನಾನು ಕಂಡ ಮನೆಗಳಲ್ಲಿ ಹೆಂಗಸರ ಸೊಂಟದಲ್ಲಿ ಉಗ್ರಾಣದ ಕೈ ಇತ್ತು, ಕೋವಿಯದು ಇರಲಿಲ್ಲ. ಕುಡಿದು ಬಂದ ಗಂಡನೋ ಪಾಲು ಕೇಳುವ ಮೈದುನನೋ ಅದನ್ನು ತೆಗೆದರೆ ಅದರ ಬಾಯಿ ಯಾವ ಕಡೆ ತಿರುಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೂ ಹೋಗಲಿ, ತಂಗಿ ಒಬ್ಬಳೇ ಇರುವವಳು, ಕೀಲಿ ಅವಳದೇ. 2016ರ ನಿಯಮಗಳ ಪ್ರಕಾರ ಕೋವಿ ಹಿಡಿಯುವ ತರಬೇತಿ ಆಗಬೇಕು, ಭದ್ರವಾಗಿಡುತ್ತೇನೆಂದು ಬರೆದುಕೊಡಬೇಕು. ಭದ್ರವಾಗಿಡುವುದೆಂದರೆ ಬೀಗ ಹಾಕಿ, ತೋಟಾ ಬೇರೆ ಕಡೆ ಇಡುವುದು. ಬಾಗಿಲು ಬಡಿದ ಹೊತ್ತಿನಲ್ಲಿ ಕನ್ನಡಕ ಹುಡುಕಿ, ಕೀಲಿ ಹುಡುಕಿ, ತೋಟಾ ಹುಡುಕಿ ತುಂಬುವಷ್ಟು ಹೊತ್ತು ಬಂದವನು ಕಾಯುತ್ತಾನೆಯೇ? ತುಂಬಿ ತಲೆದೆಸೆಯಲ್ಲೇ ಇಟ್ಟುಕೊಂಡರೆ, ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಚಿತ್ರದುರ್ಗದ ಓಬವ್ವನ ಕೈಗೆ ಸಿಕ್ಕಿದ್ದು ಒನಕೆ. ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಅದನ್ನೆತ್ತಿದಾಗ ನಾವೆಲ್ಲ ಮೈಜುಮ್ಮೆಂದು ಕೂತಿದ್ದೆವಲ್ಲ, ಅದಕ್ಕೆ ಒಂದು ಕಾರಣ ಅದು ದಿನವೂ ಅವಳ ಕೈಯಲ್ಲಿದ್ದ ವಸ್ತು ಎಂಬುದು.

ಇಷ್ಟೂ ಮಾತು ಒಂದೇ ರಾತ್ರಿಯಲ್ಲಿ ಆಗಲಿಲ್ಲ. ನಾಲ್ಕು ದಿನ ಅಡುಗೆಮನೆಯಲ್ಲಿ, ಜಗುಲಿಯಲ್ಲಿ ಎಳೆದಾಡಿದೆವು. “ನೀನು ಪೇಟೆಯಲ್ಲಿರೋಳು, ನಿನಗೇನು” ಎಂದು ಒಮ್ಮೆ ಸಿಟ್ಟಾಗಿ ಅಂದಳು. ಅದರಲ್ಲಿ ನಿಜವಿದೆ. ಹುಣಸೂರಿನ ಬೀದಿದೀಪದ ಕೆಳಗಿನ ಮನೆಯಲ್ಲಿ ಮಲಗುವವಳಿಗೆ ಅಂಕಿಅಂಶ ಸುಲಭ. ಕಾಡಂಚಿನಲ್ಲಿ ಕಂದಕ, ಸೋಲಾರ್ ಬೇಲಿ, ವೀರನಹೊಸಹಳ್ಳಿ ಕಡೆ ಹಾಕಿದಂಥ ರೈಲು ಕಂಬಿಯ ತಡೆ ಎಲ್ಲ ಊರಿಗೂ ಸರಿಯಾಗಿ ಆಗಿದ್ದರೆ ಅವಳು ಕೋವಿಯ ಮಾತನ್ನೇ ಎತ್ತುತ್ತಿರಲಿಲ್ಲವೇನೋ. ಅವಳನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ, ಅವಳ ತೋಟ ನೋಡಿಕೊಳ್ಳುವವನು ತೆಂಗಿನಕಾಯಿ ಮೂಟೆ ಬಸ್ಸಿಗೆ ಹಾಕಲು ಬಂದ. ಅಪ್ಪ ಹೋದ ಮೇಲೆ ನಮ್ಮೂರು ಬಿಟ್ಟು ಹೆಂಡತಿ ಮಕ್ಕಳೊಡನೆ ಬಂದು ಅಲ್ಲಿಯೇ ನೆಲೆಸಿದವನು. ಐವತ್ತು ದಾಟಿದೆ. ಆನೆ ಬಂದರೆ, ಕರೆಂಟು ಹೋದರೆ, ಹೋದ ವರ್ಷ ತಂಗಿಗೆ ರಾತ್ರಿ ಎದೆನೋವು ಬಂದಾಗ, ಫೋನ್ ಮಾಡಿದ ಹತ್ತು ನಿಮಿಷದಲ್ಲಿ ಟಾರ್ಚು ಹಿಡಿದು ಬಂದವನು ಅವನೇ. ಹಲಸಿನ ಮರದ ಹಿಂದೆ ನಿಂತಿದ್ದ ಹುಡುಗ. ತಂಗಿ ಅವನನ್ನೂ ಕೇಳಿದಳು, ಕೋವಿ ತರಿಸಲಾ ಎಂದು. ಅವ್ವ ಹೇಳಿದ್ದನ್ನು ನಾನು ಅವಳಿಗೆ ಹೇಳಿದ್ದು ಅವನಿಗೆ ಗೊತ್ತಿಲ್ಲ.

ಅವನು ಮೂಟೆ ಇಳಿಸಿ ಟವಲಿನಿಂದ ಮುಖ ಒರೆಸಿಕೊಂಡ. “ತರಿಸ್ಕಳಿ ಅಮ್ಮಾವ್ರೇ, ನಿಮ್ಮಿಷ್ಟ. ಆದ್ರೆ ಆಮೇಲೆ ರಾತ್ರಿ ಹೊತ್ನಲ್ಲಿ ನನ್ ಕರೀಬ್ಯಾಡಿ. ನಾನ್ ಬರಾಕಿಲ್ಲ” ಎಂದ.

ತಂಗಿ ಅರ್ಜಿ ಹಾಕಲಿಲ್ಲ. ಅಂಗಳದ ಕಂಬಕ್ಕೆ ಒಂದು ದೊಡ್ಡ ದೀಪ ಹಾಕಿಸಿದ್ದಾಳೆ, ಅವನ ಮನೆಯ ಅಂಗಳಕ್ಕೂ ಒಂದು. ಎರಡಕ್ಕೂ ಬಿಲ್ಲು ಅವಳೇ ಕಟ್ಟುತ್ತಾಳೆ.